ಗೋಡೆಯಲ್ಲಿ ನಮ್ಮ ಪಾಲು

ಕಂತೆಂಗ್ವಕ್ಕನ ಆಲೂಗಡ್ಡೆ ಹೊಲಕ್ಕೆ ಕಾಡೆಮ್ಮೆಗಳು ನುಗ್ಗಿದ್ದು ನನ್ನ ಪಾಲಿನ ಗೋಡೆ ದಾಟಿ ಎಂದು ಯಾರೋ ಬಂದು ಹೇಳಿದಾಗ ನಾನು ನಂಬಲಿಲ್ಲ. ಹೋಗಿ ನೋಡಿದ ಮೇಲೆ ಮೈ ಉರಿದುಹೋಯಿತು.

ಸಬಿನ್ಯೋ ಬೆಟ್ಟದ ಬುಡದಲ್ಲಿ ಗೋಡೆಯ ಆಚೆಗಿರುವುದು ಸರಕಾರದ ಸಣ್ಣ ರಾಷ್ಟ್ರೀಯ ಉದ್ಯಾನ, ಈಚೆಗಿರುವುದು ನಮ್ಮ ಹೊಟ್ಟೆಪಾಡು. ಗಾರೆಯಿಲ್ಲದೆ ಕರಿಕಲ್ಲಿನ ಮೇಲೆ ಕರಿಕಲ್ಲು ಕೂರಿಸಿ ಕಟ್ಟಿದ ಗೋಡೆ ಅದು. ಒಂದೊಂದು ಮನೆಗೆ ಒಂದೊಂದು ತುಂಡು. ಯಾರ ತುಂಡು ಬಿದ್ದು ಪ್ರಾಣಿ ಒಳಗೆ ಬಂತೋ ಆ ಮನೆಯವರು, ಹೊಲ ಕಳೆದುಕೊಂಡವರಿಗೆ ತಮ್ಮ ಬಿತ್ತನೆ ಗಡ್ಡೆ ಕೊಡಬೇಕು. ಹೊಸ ಬೆಳೆ ಕೀಳುವವರೆಗೆ ಅವರ ಕಾವಲು ಗುಡಿಸಿಲಿನಲ್ಲಿ ಮಲಗಬೇಕು. ಗಂಡ ಸತ್ತ ಮೇಲೂ ನನ್ನ ತುಂಡನ್ನು ಒಂದು ಕಾಡುಹಂದಿಯೂ ದಾಟಿರಲಿಲ್ಲ.

ಎಮ್ಮೆ ಗುದ್ದಿ ಬೀಳಿಸಿದ ಕಲ್ಲು ಚೆಲ್ಲಾಪಿಲ್ಲಿಯಾಗಿ ಬೀಳುತ್ತದೆ. ಇಲ್ಲಿ ಕುತ್ತಿಗೆಮಟ್ಟದ ಗೋಡೆ ಸೊಂಟಕ್ಕಿಂತ ಕೆಳಗೆ ಇಳಿದಿತ್ತು. ತೆಗೆದ ಕಲ್ಲುಗಳನ್ನು ಬದಿಯಲ್ಲಿ ಸಾಲಾಗಿ ಜೋಡಿಸಿದ್ದರು, ಬೆಂಚಿನ ಹಾಗೆ. ಅದರ ಕೆಳಗೆ ಬಿಸ್ಕತ್ತಿನ ಖಾಲಿ ಪೊಟ್ಟಣ ಬಿದ್ದಿತ್ತು.

ಊರಿನವರು ಸೇರುವ ಮೊದಲೇ ಸೆಮಾಂಜ ಓಡಿ ಬಂದು ಆ ಕಲ್ಲಿನ ಸಾಲನ್ನು ಒದ್ದು ಚೆದುರಿಸಿದ. ತೀರಿಹೋದ ನನ್ನ ಅಕ್ಕನ ಮಗ ಅವನು, ನಾನೇ ಸಾಕಿದವನು. ಕೆಳಗಿನ ಲಾಡ್ಜಿನಲ್ಲಿ ಗೈಡು. ಬೆಟ್ಟ ಹತ್ತಲು, ಪ್ರಾಣಿ ನೋಡಲು ಬಂದವರನ್ನು ಸಂಜೆ ಹೊತ್ತು ಗೋಡೆಯುದ್ದಕ್ಕೂ ನಡೆಸಿಕೊಂಡು ಹೋಗಿ ಬಿದಿರಿನಲ್ಲಿ ಕೂತ ಹೊಂಬಣ್ಣದ ಕೋತಿಗಳನ್ನು, ಮೇಯುವ ಎಮ್ಮೆಗಳನ್ನು ತೋರಿಸುತ್ತಾನೆ. ನನ್ನನ್ನು ನೀಲಗಿರಿ ಮರಗಳ ಹಿಂದೆ ಕರೆದುಕೊಂಡು ಹೋಗಿ ಎಲ್ಲ ಹೇಳಿದ. ನಿನ್ನೆ ಸಂಜೆ ಗಿಡ್ಡ ಮುದುಕಿಯೊಬ್ಬಳಿಗೆ ಗೋಡೆಯಾಚೆ ಕಾಣುತ್ತಿರಲಿಲ್ಲವಂತೆ, ಇವನು ಕಲ್ಲು ತೆಗೆದು ಗೋಡೆ ಇಳಿಸಿದನಂತೆ. ಮಂಜು ಮುಸುಕಿ ಎಲ್ಲರಿಗೂ ಚಳಿಯಾಯಿತು, ಬೆಳಿಗ್ಗೆ ಬಂದು ಮತ್ತೆ ಇಟ್ಟರಾಯಿತು ಅಂದುಕೊಂಡನಂತೆ. ಲಾಡ್ಜಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಹಸುಗೂಸು.

"ಗೋಡೆ ಹಳೇದಾಗಿತ್ತು ಅಂದ್ಬಿಡು ಚಿಕ್ಕಮ್ಮ. ಗಂಡ ಇಲ್ಲದ ಹೆಂಗಸು ಅಂತ ಯಾರೂ ಏನೂ ಅನ್ನಲ್ಲ."

ಆ ಮಾತಿಗೇ ಕೆನ್ನೆಗೆ ಬಾರಿಸಬೇಕಿತ್ತು. ಕೂಸಿನ ಮುಖ ನೆನಪಾಗಿ ನುಂಗಿಕೊಂಡೆ.

ಗೋಡೆಯ ನ್ಯಾಯ ನೋಡುವ ಹಿರಿಯ ಬಿಗಿರಿಮಾನಜ್ಜ ಬಂದು, ಏನಾಯಿತೆಂದು ನನ್ನನ್ನೇ ಕೇಳಿದ. ಕಲ್ಲು ಹಳೆಯದು, ಸಡಿಲಾಗಿತ್ತು ಎಂದೆ. ಹಿಂದಿನಿಂದ ಯಾರೋ, "ಗೋಡೆಗೂ ಒಬ್ಬ ಗಂಡ ಬೇಕು ಬಿಡಿ" ಅಂದರು. ನಾಲ್ಕು ಜನ ನಕ್ಕರು. ಸೆಮಾಂಜ ತನ್ನ ಬೂಟು ನೋಡುತ್ತ ನಿಂತಿದ್ದ.

ಆಗ ಕಂತೆಂಗ್ವಕ್ಕ ಎದ್ದು ಬಂದಳು. ತುಳಿತಕ್ಕೆ ಸಿಕ್ಕಿ ಉಳಿದ ಗಡ್ಡೆಗಳು ಮಡಿಲಲ್ಲಿದ್ದವು, ಅವರೆಕಾಳಿನಷ್ಟು ಎಳೆಯವು. ಅವಳ ವರ್ಷದ ಊಟವೇ ಮಣ್ಣುಪಾಲಾಗಿತ್ತು. ನನ್ನ ಕೈ ಹಿಡಿದುಕೊಂಡಳು.

"ನೊಂದ್ಕೋಬೇಡ ತಂಗಿ. ಒಂಟಿ ಜೀವ, ಅಷ್ಟು ಕಲ್ಲು ನಿನ್ನ ಕೈಲಿ ಎಲ್ಲಾಗುತ್ತೆ? ನಂಗೆ ನಿನ್ನ ಬಿತ್ತನೆ ಗಡ್ಡೆ ಬೇಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಸಿದುಕೊಂಡಿರಲು ಸಿದ್ಧವಾದವಳು ನನ್ನ ಸುಳ್ಳಿಗೆ ಕನಿಕರ ತೋರಿಸುತ್ತಿದ್ದಾಳೆ, ಮಾಡಿದವನು ನಾಲ್ಕು ಮಾರು ದೂರದಲ್ಲಿ ಸುಮ್ಮನಿದ್ದಾನೆ. ನಾನು ಕೈ ಬಿಡಿಸಿಕೊಂಡೆ.

"ನನ್ನ ಗೋಡೆ ಬಿದ್ದಿಲ್ಲ ಅಕ್ಕ. ಇಳಿಸಿದಾರೆ. ಇಳಿಸಿದವನು ಅಗೋ, ಬೂಟು ನೋಡ್ಕೊಂಡು ನಿಂತಿದಾನೆ."

ಎಲ್ಲರೂ ತಿರುಗಿದರು. ಸೆಮಾಂಜ ತಲೆಯೆತ್ತಿದ.

"ಬಂದವರಿಗೆ ಎಮ್ಮೆ ಕಾಣ್ತಿರ್ಲಿಲ್ಲ ಅಜ್ಜ."

"ಈಗ ಕಂತೆಂಗ್ವಂಗೆ ಚೆನ್ನಾಗಿ ಕಾಣ್ತು" ಅಂದ ಬಿಗಿರಿಮಾನಜ್ಜ. ಈ ಸಲ ಯಾರೂ ನಗಲಿಲ್ಲ.

ತೀರ್ಪು ಉದ್ದವೇನೂ ಇರಲಿಲ್ಲ. ಪಾಲು ನಮ್ಮ ಮನೆಯದು, ಹುಡುಗನೂ ನಮ್ಮ ಮನೆಯವನು. ಬಿತ್ತನೆ ಗಡ್ಡೆ ನನ್ನ ಕಣಜದಿಂದ, ಕಾವಲು ಸೆಮಾಂಜನಿಂದ. ಕತ್ತಲಾಗುವುದರೊಳಗೆ ಗೋಡೆ ಏಳಬೇಕು. ನ್ಯಾಯವೇ. ಹಾಗೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ. ಕೆಲಸ ಮಾಡುತ್ತ ಅವನನ್ನು, ಅವನ ಬೂಟನ್ನು, ಅವನಿಗೆ ಇಂಗ್ಲಿಷು ಕಲಿಸಿದ ಮೇಷ್ಟರನ್ನು ಬೈದೆ. ಅವನು ಕಲ್ಲು ಹೊರುತ್ತಲೇ ಇದ್ದ.

ಸಂಜೆ ಲಾಡ್ಜಿನಲ್ಲಿ ಇಳಿದುಕೊಂಡವರು ತಾವಾಗಿಯೇ ನಡೆದು ಬಂದರು. ಕೊರಳಲ್ಲಿ ದುರ್ಬೀನು, ಮುಂದೆ ಕೋಲು ಊರಿಕೊಂಡು ಅದೇ ಗಿಡ್ಡ ಮುದುಕಿ. ಏರುತ್ತಿದ್ದ ಗೋಡೆ ನೋಡಿ ಏನೋ ಕೇಳಿದಳು. ಸೆಮಾಂಜ ನಗುತ್ತ ಎರಡು ಮಾತು ಹೇಳಿದ. ಅವರೂ ನಕ್ಕರು.

"ಏನಂದೆ?" ಎಂದು ಕೇಳಿದೆ.

"ರಿಪೇರಿ ನಡೀತಿದೆ ಅಂದೆ."

"ಪೂರ್ತಿ ಹೇಳು. ಬೆಳಿಗ್ಗೆ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ. ಈಗ ನಿನ್ನ ಬಾಯಲ್ಲಿ ನಿಜ ಬರ್ಲಿ."

ಹೇಳಿದರೆ ಸುದ್ದಿ ಇವರ ಜೊತೆಯಲ್ಲೇ ಲಾಡ್ಜಿಗೆ ಇಳಿಯುತ್ತದೆ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು ಹೇಳಿದ. ಭಾಷೆ ನನಗೆ ಬಾರದು. ಆದರೆ ಅವನು ಗೋಡೆ ತೋರಿಸಿದ, ತನ್ನ ಎದೆ ಮುಟ್ಟಿಕೊಂಡ, ಆಮೇಲೆ ಮಣ್ಣು ಕೆದಕುತ್ತಿದ್ದ ಕಂತೆಂಗ್ವಕ್ಕನ ಕಡೆ ಕೈ ಮಾಡಿದ.

ಬಂದವರ ನಗು ನಿಂತಿತು. ಮುದುಕಿ ಕೋಲನ್ನು ಬದಿಗಿಟ್ಟು, ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು. ಸೆಮಾಂಜ ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡು ಏನೋ ಅಂದ.

"ಈಗೇನಂದೆ?"

"ಇದು ನಮ್ಮ ಮನೆ ಪಾಲು, ನಾವೇ ಕಟ್ಬೇಕು ಅಂದೆ."

ನನ್ನ ಸಿಟ್ಟು ಇನ್ನೂ ಇತ್ತು. ಇದ್ದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಅವನ ಕಾಲಬುಡಕ್ಕೆ ಉರುಳಿಸಿದೆ.