ಹಲಗೆಯಂಚಿನ ಕೆಳಗೆ ಹನ್ನೊಂದು ಹಿಡಿ

ಸಿಲ್ವೊ ಮೂವತ್ತೊಂದು ವರ್ಷ ನಮ್ಮ ಯೆಸೆನಿತ್ಸೆ ಸ್ಟೇಶನ್ನಿನಲ್ಲಿ ಗಾಡಿಗಳಿಗೆ ದಾರಿ ಬಿಟ್ಟವನು. ನಿವೃತ್ತನಾದ ಮೇಲೆ ಅದೇ ಕೆಲಸವನ್ನು ನಮ್ಮ ಮಾದರಿ ರೈಲು ಸಂಘದ ದೊಡ್ಡ ಹಲಗೆಯ ಮೇಲೆ, ಪುಟ್ಟ ಗಾಡಿಗಳ ಜೊತೆ ಮುಂದುವರಿಸಿದ.

ಹಳಿ ಎರಡಾಗಿ ಕವಲೊಡೆಯುವ ಕಡೆ, ಗಾಡಿ ಯಾವ ಕಡೆ ಹೋಗಬೇಕೆಂದು ನಾವು ಬೆರಳಿನಿಂದಲೇ ಬದಲಿಸುತ್ತಿದ್ದೆವು. ಮೇಲಿನಿಂದ ಕೈ ಚಾಚಿ ಹಳಿ ಪಕ್ಕದ ಸಣ್ಣ ಕಡ್ಡಿ ತಳ್ಳಬೇಕು. ಸಿಲ್ವೊನ ಕಣ್ಣು ಮಂಜಾಗುತ್ತಾ ಬಂತು, ಕಳೆದ ಚಳಿಗಾಲದಲ್ಲಿ ಪೂರ್ತಿ ಹೋಯಿತು. ಒಂದು ಶನಿವಾರ ಅವನ ಕೈ ತಗುಲಿ ಚರ್ಚಿನ ಗೋಪುರ ಬಿತ್ತು, ಅದರ ಹಿಂದೆ ಎರಡು ಹಸು, ಒಂದು ಬೋಗಿ.

"ಊರನ್ನೇ ನೆಲಸಮ ಮಾಡ್ತಿದೀನಿ. ಇನ್ನು ಬರಲ್ಲ ಕಣೆ ಯೆರಿತ್ಸಾ," ಅಂದ ನನಗೆ. ನಗುನಗುತ್ತಲೇ ಅಂದ, ಆದರೆ ಮೂರು ವಾರ ಬರಲಿಲ್ಲ.

ನನ್ನದು ಸೈಕಲ್ ರಿಪೇರಿ ಅಂಗಡಿ. ಚಕ್ರದ ಹಳೇ ಸ್ಪೋಕ್ ಕಡ್ಡಿಗಳು ಡಬ್ಬಿಗಟ್ಟಲೆ ಬಿದ್ದಿದ್ದವು. ಅವನ್ನು ತುದಿಗೆ ತುದಿ ಸೇರಿಸಿ ಹಲಗೆಯ ಅಡಿಯಲ್ಲಿ ಹಾಯಿಸಿ ಒಂದೊಂದು ಕವಲಿಗೂ ಒಂದೊಂದು ಸಾಲು ಜೋಡಿಸಿದರೆ, ಅಂಚಿನಲ್ಲಿ ನಿಂತೇ ಎಳೆದು ತಳ್ಳಬಹುದು ಅನ್ನಿಸಿತು. ಸಂಘದ ಅಧ್ಯಕ್ಷ ರಾಡೊವಾನ್‌ನನ್ನು ಕೇಳಿದೆ.

"ಏನಾದ್ರೂ ಮಾಡ್ಕೊ. ಆದ್ರೆ ನೋಡೋರ ಕಣ್ಣಿಗೆ ಒಂದು ತಂತಿನೂ ಬೀಳಬಾರದು," ಅಂದ.

ಹನ್ನೊಂದು ಕವಲು, ಎಂಟು ದಿನದ ಕೆಲಸ. ಕಡ್ಡಿಗಳ ತುದಿಯನ್ನು ಅಂಚಿನ ಪಟ್ಟಿಯ ಕೆಳಗೆ ಅಡಗಿಸಿದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಹಿಡಿ ಅಂಟಿಸಿದೆ: ಕೋಟಿನ ಗುಂಡಿ, ಹೊಲಿಗೆಯ ಬೆರಳುಟೊಪ್ಪಿ, ಮರದ ಮಣಿ, ಚದುರಂಗದ ಕಾಲಾಳು, ಹೀಗೆ. ಆಮೇಲೆ, ಅಕ್ರೋಟು ತುಂಬಿದ ಸಿಹಿರೊಟ್ಟಿ, ಪೊತಿತ್ಸಾ ಮಾಡಿದೀನಿ, ತಿನ್ನೋಕೆ ಬಾ ಅಂತ ಸಿಲ್ವೊನನ್ನು ಕರೆಸಿದೆ. ಬಂದವನ ಕೈ ಹಿಡಿದು ಪಟ್ಟಿಯ ಕೆಳಗೆ ಇಟ್ಟೆ.

"ಏನೇ ಇದು, ಗುಂಡಿ?" ಅಂದ.

"ಎಳಿ."

ಎಳೆದ. ಟಕ್ ಅಂತು. ತಲೆ ಓರೆ ಮಾಡಿ ಕೇಳಿಸಿಕೊಂಡ. ಇನ್ನೊಂದನ್ನು ತಡವಿದ, ಮತ್ತೊಂದನ್ನು. ಕಾಲು ಗಂಟೆಯಲ್ಲಿ ಹನ್ನೊಂದೂ ಬಾಯಿಪಾಠವಾದವು.

"ಸರಕು ಗಾಡಿ ಬಿಡು. ಮೂರನೇ ದಾರಿಗೆ ತಗೋತೀನಿ," ಅಂದ. ನಾನು ಬಿಟ್ಟೆ. ಗಾಡಿ ಮೂರನೇ ದಾರಿಗೇ ಹೋಯಿತು. ಅವನು ಪಟ್ಟಿ ಹಿಡಿದುಕೊಂಡು ಮೈ ಕುಲುಕುವ ಹಾಗೆ ನಕ್ಕ. ಪೊತಿತ್ಸಾ ತಟ್ಟೆಯಲ್ಲೇ ಉಳಿಯಿತು.

ಮೇ ತಿಂಗಳಲ್ಲಿ ಸಂಘದ ಬಾಗಿಲು ಊರಿಗೆಲ್ಲ ತೆರೆಯುವ ದಿನ ಸಿಲ್ವೊ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ, ಕೈಗಳು ಅಂಚಿನ ಕೆಳಗೆ. ಗಾಡಿಗಳು ತಾವೇ ದಾರಿ ಹುಡುಕಿಕೊಂಡ ಹಾಗೆ ಬಂದು ಹೋಗುತ್ತಿದ್ದವು. ಕ್ರಾನ್ಯ್ ಊರಿನಿಂದ ಬಂದ ಒಬ್ಬರು ಬಗ್ಗಿ ಬಗ್ಗಿ ನೋಡಿ ಕೇಳಿದರು: "ಎಲ್ಲಾ ಕಂಪ್ಯೂಟರ್ರಾ?"

"ಹೌದು ಸ್ವಾಮಿ," ಅಂದ ಸಿಲ್ವೊ. "ಎಪ್ಪತ್ತು ವರ್ಷ ಹಳೇದು. ಮಧ್ಯಾಹ್ನ ಊಟ ಕೊಡಬೇಕು."

ಊಟಕ್ಕೆ ಅವನು ಹೋದಾಗ ರಾಡೊವಾನ್ ಆ ಜಾಗದಲ್ಲಿ ನಿಂತ. ಹಿಡಿಗಳು ಕಾಣಿಸದೆ ಮಂಡಿಯೂರಿ ಹುಡುಕುವಷ್ಟರಲ್ಲಿ ಎರಡು ಗಾಡಿ ಎದುರುಬದುರಾಗಿ ನಿಂತವು. ಸಾಸೇಜು ಹಿಡಿದೇ ವಾಪಸು ಬಂದ ಸಿಲ್ವೊ ಚಕ್ರದ ಸದ್ದು ನಿಂತದ್ದರಲ್ಲೇ ಸಂಗತಿ ತಿಳಿದುಕೊಂಡ.

"ಏಳಯ್ಯಾ ಅಧ್ಯಕ್ಷ. ಕಣ್ಣು ಮುಚ್ಚು, ಸಿಗುತ್ತೆ."

ರಾಡೊವಾನ್ ಗೊಣಗಿಕೊಂಡೇ ಕಣ್ಣು ಮುಚ್ಚಿದ. ಸಿಲ್ವೊ ಅವನ ಬೆರಳುಗಳನ್ನು ಒಂದೊಂದೇ ಹಿಡಿಯ ಮೇಲೆ ಇಟ್ಟು ಹೆಸರು ಹೇಳಿಕೊಟ್ಟ. ಸಂಜೆಯೊಳಗೆ ನಮಗೆಲ್ಲ ಪಾಠವಾಯಿತು. ಜನ ಹೊರಟ ಮೇಲೆ ಸಂಘದ ನಾವು ಐದು ಜನ ಕಣ್ಣು ಮುಚ್ಚಿ ನಿಂತು ಗಾಡಿ ಓಡಿಸುತ್ತಿದ್ದೆವು. ಸಿಲ್ವೊ ಕುರ್ಚಿಯಲ್ಲಿ ಕೂತು ಚಕ್ರದ ಸದ್ದು ಕೇಳುತ್ತಾ, ಯಾರು ತಡ ಮಾಡಿದರೆಂದು ಒಬ್ಬೊಬ್ಬರ ಹೆಸರು ಹಿಡಿದು ಬೈಯುತ್ತಿದ್ದ.