ಅನತೋಲನ ಮದಾಮ್

ಯುಫ್ರಾಸಿಯ ಸತ್ತ ಗಂಡನ ಸಾಮಾನುಗಳೆಲ್ಲ ಒಂದೊಂದಾಗಿ ಮನೆ ಬಿಟ್ಟಿದ್ದವು. ಅನತೋಲನ ಟೊಪ್ಪಿ ಅವನ ತಮ್ಮನ ತಲೆಗೇರಿತ್ತು. ಷರಾಯಿ ನೆಲ ಒರೆಸುವ ಬಟ್ಟೆಯಾಗಿತ್ತು. ದೋಣಿ ಪಕ್ಕದೂರಿನವರ ಪಾಲಾಗಿತ್ತು. ಅವಳನ್ನು ಮದುವೆಯಾಗಿ ಆ ಮನೆಗೆ ಬಂದ ತೆಯೊದ್ಯೂಲನಿಗೆ ಅಲ್ಲಿ ಉಳಿದಿದ್ದ ಕಾಟ ಒಂದೇ: ಕಿಟಕಿ ಪಕ್ಕದ ಹಲಗೆಯ ಮೇಲೆ, ತಂತಿಬಲೆ ಹೊಡೆದ ಮರದ ಪೆಟ್ಟಿಗೆಯಲ್ಲಿದ್ದ ಜೇಡ.

ಅಂಗೈಯಗಲದ ಮರಜೇಡ. ಹಸಿರು ಬೆನ್ನು, ಕೆಂಪು ಹೊಟ್ಟೆ, ಬೆರಳ ತುದಿಗೆ ಗುಲಾಬಿ ಹಚ್ಚಿಕೊಂಡಂಥ ಕಾಲುಗಳು. ಆ ಕಡಲ ತಡಿಯ ಊರು ಗ್ರಾಂ ರಿವಿಯೇರಿನವರು ಅದನ್ನು ಮತುತು ಎನ್ನುತ್ತಾರೆ, ಬೇಕಾದಷ್ಟು ಜನ ಮನೆಯಲ್ಲಿ ಸಾಕುತ್ತಾರೆ. ಇದರ ಹೆಸರು ಮದಾಮ್, ಅಂದರೆ ಅಮ್ಮಾವ್ರು. ಅನತೋಲ ಸಾಕಿದ್ದೆಂದು ಊರಿನವರ ಬಾಯಲ್ಲಿ ಮಾತ್ರ ಅದು ಅನತೋಲನ ಮದಾಮ್.

ಯುಫ್ರಾಸಿ ಪೆಟ್ಟಿಗೆಯ ಬಾಗಿಲು ತೆರೆದು ಕೈಯಿಟ್ಟರೆ ಸಾಕು, ಮದಾಮ್ ಒಂದೊಂದೇ ಕಾಲೆತ್ತಿ ಇಟ್ಟು ಮೇಲೆ ಬರುತ್ತಿತ್ತು. ಬಂದು ಮಣಿಕಟ್ಟಿನ ಹತ್ತಿರ ಕೂತರೆ ಕೂತಂತೆಯೇ. ಅವಳು ಇನ್ನೊಂದು ಕೈಯಲ್ಲಿ ಒಲೆಯ ಮೇಲಿನ ಜೀಗುಜ್ಜೆ ತಿರುವುತ್ತ ಅದರೊಡನೆ ಏನೇನೋ ಮಾತಾಡುತ್ತಿದ್ದಳು. ತೆಯೊದ್ಯೂಲ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಜೇಡದ ಎಂಟು ಕಾಲೂ ಅವನ ಕಣ್ಣಿಗೆ ಅನತೋಲನ ಬೆರಳಿನಂತೆ ಕಾಣುತ್ತಿದ್ದವು.

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಸಾಕುವವರೆಲ್ಲ ಆಂಬ್ರಾಸನ ರಮ್ ಅಂಗಡಿಯ ಜಗಲಿಗೆ ತಂತಮ್ಮ ಪೆಟ್ಟಿಗೆ ಹೊತ್ತು ಬರುವುದು ಆ ಊರಿನ ರೂಢಿ. ಯಾರ ಜೇಡದ ಗುಣ ಹೇಗೆ, ಯಾವುದು ಕೂರುತ್ತದೆ, ಯಾವುದು ನೆಗೆಯುತ್ತದೆ, ಯಾವುದು ಹಿಂಭಾಗ ಎತ್ತಿ ಹಿಕ್ಕೆ ಹಾರಿಸುತ್ತದೆ ಎಂದು ಹೋಲಿಸಿ ನೋಡುತ್ತಾರೆ. ಕೋಳಿ ಕಾಳಗದಂತಲ್ಲ. ಇಲ್ಲಿ ಸುಮ್ಮನಿದ್ದದ್ದೇ ಗೆದ್ದಂತೆ.

ಮದಾಮನ್ನು ಮೀರಿಸಬೇಕೆಂಬ ಒಂದೇ ಹಟಕ್ಕೆ ತೆಯೊದ್ಯೂಲ್ ಟ್ರಿನಿಡಾಡಿನಿಂದ ಒಂದು ಜೇಡ ತಂದಿದ್ದ. ಕೋಕೋ ಮರದ ಪೊಟರೆಯಲ್ಲಿ ಸಿಕ್ಕಿದ್ದು, ಪಾಚಿ ಬಣ್ಣದ್ದು, ಕಾಲಿನ ಮೇಲೆ ಕಿತ್ತಳೆ ಗೆರೆ. ತಾನು ಹಿಂದೆ ಸರಕಿನ ಹಡಗಿನಲ್ಲಿದ್ದವನೆಂಬ ಹೆಮ್ಮೆಗೆ ಅದಕ್ಕೆ ಕಪ್ತೇನ್ ಎಂದು ಹೆಸರಿಟ್ಟಿದ್ದ.

ಮೊದಲ ಭಾನುವಾರವೇ ಮುಚ್ಚಳ ತೆರೆದದ್ದೇ ತಡ, ಕಪ್ತೇನ್ ಮೇಜಿನಿಂದ ಕಂಬಕ್ಕೆ, ಕಂಬದಿಂದ ಆಂಬ್ರಾಸನ ಬೆನ್ನಿಗೆ ಹಾರಿತು. ಹಿಡಿಯಲು ಹೋದ ತೆಯೊದ್ಯೂಲನ ಹೆಬ್ಬೆರಳಿಗೆ ಹಲ್ಲು ಊರಿತು.

"ಅಯ್ಯಯ್ಯೋ, ತೆಗೀರೋ ಇದನ್ನ!" ಎಂದು ಆಂಬ್ರಾಸ್ ಅಂಗಿ ಬಿಚ್ಚಿ ಕುಣಿದ. ಗಲಾಟೆ ತಣ್ಣಗಾದ ಮೇಲೆ ಗ್ಲಾಸಿಗೆ ನಿಂಬೆ ಹಿಂಡುತ್ತ, "ಅಲ್ಲ ತೆಯೊದ್ಯೂಲಣ್ಣ, ಸಾಕಿದೋರ ಗುಣಾನೇ ಅದಕ್ಕೂ ಬರ್ತದೆ ನೋಡು. ಅನತೋಲ ಇದ್ದಾಗ ಜೋರಾಗಿ ಕೆಮ್ಮಿದವನೂ ಅಲ್ಲ. ಮದಾಮ್ ಹಾಗೇ ಇದೆ. ನಿಂದು, ಹಡಗು ಮುಳುಗ್ತಾ ಇದೆ ಅನ್ನೋ ಹಾಗೆ ಓಡ್ತದೆ!" ಎಂದ.

ಜಗಲಿಯೆಲ್ಲ ನಕ್ಕಿತು. ಯುಫ್ರಾಸಿಯೂ ನಕ್ಕಳು. ಅದೇ ಅವನಿಗೆ ಹೆಬ್ಬೆರಳಿಗಿಂತ ಹೆಚ್ಚು ಉರಿದದ್ದು.

ದಾರಿಯಲ್ಲಿ ಅವಳು, "ಕಪ್ತೇನನ ಜಾತೀನೇ ಹಾಗೆ ಕಣೋ. ಅದನ್ನ ಮದಾಮಿಗೆ ಹೋಲಿಸಿದರೆ ಏನು ಬಂತು?" ಎಂದಳು.

"ಹೋಲಿಸೋದು ನಾನಲ್ಲ, ಊರು," ಎಂದ ತೆಯೊದ್ಯೂಲ್.

ಒಂದು ದಿನ ಅವಳಿಲ್ಲದ ಹೊತ್ತು ನೋಡಿ ಮದಾಮನ್ನು ತಾನೇ ಎತ್ತಲು ಹೋದ. ಅದು ಹಿಂದಕ್ಕೆ ತಿರುಗಿ, ಹೊಟ್ಟೆ ಮೇಲೆತ್ತಿ, ಗುರಿಯಿಟ್ಟು ಅವನ ಮೂಗಿನ ಮೇಲೆ ಹಿಕ್ಕೆ ಹಾರಿಸಿತು. ಮುಖ ತೊಳೆದುಕೊಂಡ. ಅಂಗಿಯ ಮೇಲಿನ ಕಲೆ ಯುಫ್ರಾಸಿಯ ಕಣ್ಣಿಗೆ ಬಿತ್ತು. ಅವಳು ಅದಕ್ಕೆ ಸಾಬೂನು ಹಚ್ಚಿ ನೆನೆಹಾಕಿದಳು.

ಆಮೇಲೆ ಮದಾಮ್ ಉಣ್ಣುವುದನ್ನು ಬಿಟ್ಟಿತು. ಕೊಟ್ಟ ಮಿಡತೆ ಕೊಟ್ಟಲ್ಲೇ ಉಳಿಯಿತು. ತನ್ನ ಬಲೆಯ ಗೂಡಿನ ಬಾಯಿ ಮುಚ್ಚಿಕೊಂಡು ಒಳಗೆ ಸೇರಿತು. ಯುಫ್ರಾಸಿ ದಿನವೂ ಬಗ್ಗಿ ನೋಡುವಳು. ತೆಯೊದ್ಯೂಲನೂ ನೋಡುವನು, ಬೇರೆ ಆಸೆಯಿಂದ.

ಅವಳು ಸ್ಯಾಂ-ಪಿಯೇರಿನ ಸಂತೆಗೆ ಹೋದ ದಿನ ಬೆಳಿಗ್ಗೆ ಅವನು ಗೂಡಿನ ಸಂದಿಯಲ್ಲಿ ಇಣುಕಿದ. ಮದಾಮ್ ಅಂಗಾತ ಮಲಗಿತ್ತು, ಕಾಲುಗಳು ಮೇಲಕ್ಕೆ. ಗೊತ್ತಿಲ್ಲದವನಾದರೆ ಸತ್ತಿತೆಂದೇ ತಿಳಿಯುತ್ತಿದ್ದ. ಕಪ್ತೇನ್ ಹೀಗೇ ಮಲಗಿ ಪೊರೆ ಕಳಚಿದ್ದನ್ನು ಕಂಡಿದ್ದ ಇವನಿಗೆ ತಿಳಿಯಿತು. ಹೊಸ ಚರ್ಮ ಹಾಲಿನ ಕೆನೆಯಷ್ಟು ಮೆದು. ಆಗ ಅದು ಓಡಲಾರದು, ಕಚ್ಚಲಾರದು.

ಗೋಡೆಯ ಮೇಲೆ ಕೆಂಜಿರುವೆಗಳ ಸಾಲೊಂದು ಹಲಗೆಯ ಕಡೆಗೇ ಏರುತ್ತಿತ್ತು.

ತಾನು ಏನೂ ಮಾಡಬೇಕಾಗಿಲ್ಲ. ಬೆರಳೂ ಎತ್ತಬೇಕಾಗಿಲ್ಲ. ಹೊರಗೆ ಹೋಗಿ ಮೀನಿನ ಬಲೆ ಹೆಣೆಯುತ್ತ ಕೂತರೆ ಮಧ್ಯಾಹ್ನದ ಹೊತ್ತಿಗೆ ಈ ಮನೆಯಲ್ಲಿ ಅನತೋಲನದೆಂದು ಒಂದು ಕೂದಲೂ ಉಳಿಯುವುದಿಲ್ಲ.

ಹೊರಗೆ ಹೋಗಿ ಕೂತ. ಒಂದು ಗಂಟು ಹಾಕಿದ, ಬಿಚ್ಚಿದ. ಯುಫ್ರಾಸಿ ಬುಟ್ಟಿ ಇಳಿಸಿ ನೇರ ಕಿಟಕಿಗೆ ಹೋಗುವುದು ಕಣ್ಣಿಗೆ ಕಟ್ಟಿತು. ಅಳುತ್ತಾಳೆ. ಯಾರಿಗಾಗಿ ಅಳುತ್ತಾಳೆ? ಜೇಡಕ್ಕಲ್ಲ. ಟ್ರಂಕಿನ ತಳದಲ್ಲಿರುವ, ಗಂಡ ಸತ್ತಾಗ ಉಟ್ಟ ಆ ಕಪ್ಪು ಲಂಗ ಮೇಲೆ ಬರುತ್ತದೆ. ನೆರೆಯ ಹೆಂಗಸರು ಬಂದು, ಅನತೋಲ ಹಾಗಿದ್ದ, ಅನತೋಲ ಹೀಗಿದ್ದ ಎಂದು ಮೂಗೊರೆಸುತ್ತಾರೆ. ಒಂದು ಸಲ ಸತ್ತು ಇಷ್ಟು ಕಾಡಿದವನು ಎರಡನೇ ಸಲವೂ ಸತ್ತರೆ?

"ಬೇಡ, ಮಾರಾಯ," ಎಂದು ತನಗೆ ತಾನೇ ಹೇಳಿಕೊಂಡು ಎದ್ದು ಒಳಗೆ ಓಡಿದ.

ಪೆಟ್ಟಿಗೆಯನ್ನು ಅಲುಗಿಸುವಂತಿರಲಿಲ್ಲ. ಅಲುಗಿದರೂ ಜೇಡ ಸಾಯುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯನ್ನು ಹಲಗೆಯ ಕೆಳಗೆ ಗೋಡೆಗೆ ಒತ್ತಿ ಹಿಡಿದ. ದಾಟಿ ಬಂದಿದ್ದ ಇರುವೆಗಳನ್ನು ಬೆರಳಿನಿಂದಲೇ ಒಂದೊಂದಾಗಿ ಹೆಕ್ಕಿ ಹೊಸಕಿದ. ಅವು ಬೆರಳ ಸಂದಿಗೆ ಕಚ್ಚಿದವು, ಮೊಣಕೈವರೆಗೂ ಹತ್ತಿದವು. ಉಸಿರು ಬಿಗಿಹಿಡಿದು ನಿಂತಿದ್ದ. ಹಳೆಯ ಪೊರೆ ಕೈಗವಸಿನಂತೆ ಕಳಚಿ ಬಿದ್ದು, ಹೊಸ ಮದಾಮ್ ಮಗ್ಗುಲಾಗಿ ಕಾಲು ಚಾಚಿತು.

ಯುಫ್ರಾಸಿ ಬಂದಾಗಲೂ ಅವನು ಚಿಂದಿ ಹಿಡಿದೇ ಇದ್ದ.

"ಏನೋ ಇದು, ಮನೆಯೆಲ್ಲ ಸೀಮೆಎಣ್ಣೆ ನಾತ?"

"ನಿನ್ನ ಅನತೋಲನ ಜೇಡ ಉಳೀತು. ತಗೋ. ಖುಷಿ ಪಡು."

"ಅನತೋಲಂದಾ?" ಅವಳು ಬುಟ್ಟಿ ಇಳಿಸಿದಳು. "ಅವನದ್ದು ಅವನು ಹೋದ ಮಳೆಗಾಲದಲ್ಲೇ ಹೋಯ್ತಲ್ಲೋ! ಜೀಗುಜ್ಜೆ ಮರದ ಬುಡದಲ್ಲಿ ನಾನೇ ಹೂತಿದ್ದು. ಇದನ್ನ ನಾನು ಅನಾನಸಿನ ಎಲೆ ಸಂದೀಲಿ ಹಿಡಿದದ್ದು. ಆಗಿನ್ನೂ ನೀಲಿ ಮರಿ, ಉಗುರಿನಷ್ಟು."

ತೆಯೊದ್ಯೂಲನ ಕೈಯಿಂದ ಚಿಂದಿ ಬಿತ್ತು. "ಮತ್ತೆ ಊರೆಲ್ಲ..."

"ಅತ್ತೆ ಭಾನುವಾರ ಭಾನುವಾರ ಬಂದು, ನನ್ನ ಮಗನ ಜೇಡ ಹೇಗಿದೆ ಅಂತ ಕೇಳೋಳು. ಹೇಳೋಕೆ ನಾಲಿಗೆ ಬರಲಿಲ್ಲ. ಗೂಡು ಸೇರಿದೆ, ಹೊರಗೆ ಬರ್ತಿಲ್ಲ ಅಂತ ಹೇಳ್ಕೊಂಡೇ ಇದನ್ನ ದೊಡ್ಡದು ಮಾಡಿದೆ. ಮುದುಕಿ ಹೋದ್ಲು. ಈಗ ಹೇಳಿದ್ರೆ, ಸಾಯೋ ಮುದುಕಿಗೆ ಮೋಸ ಮಾಡಿದ್ಲು ಅಂತಾರೆ. ಬಾಯಿ ಬಿಡಬೇಡ ನೀನೂ."

"ಹಾಗಾದ್ರೆ ಅನತೋಲನ ಕೈಗೆ ಪಳಗಿದ್ದು ಅನ್ನೋದು?"

"ಅವನ ಕೈಗಾ? ಅವನ ಜೇಡಾನೂ ಅವನ ಮುಖಕ್ಕೇ ಹಿಕ್ಕೆ ಹಾರಿಸೋದು. ಜಗಲಿಗೆ ನಾನು ಎತ್ಕೊಂಡು ಹೋಗ್ತಿದ್ದೆ, ಹೆಸರು ಅವನದ್ದು." ಮಾತಾಡುತ್ತಲೇ ಅವಳು ಗೂಡಿಗೆ ಕಣ್ಣು ಹಚ್ಚಿದಳು. "ಅಯ್ಯೋ ನನ್ನ ಕಂದಾ, ಎಷ್ಟು ಚೆಂದ ಆಗಿದೀಯೇ."

ಅನತೋಲ ಆ ಮನೆಯಿಂದ ಅಂದೇ ಹೊರಟುಹೋದ. ತೆಯೊದ್ಯೂಲ್ ಮಾತ್ರ ಬಾತುಕೊಂಡ ಕೈ ಚಾಚಿ ನಿಂತೇ ಇದ್ದ. ಅವಳು ಜೇಡವನ್ನು ಮುದ್ದಿಸುತ್ತಲೇ ಇದ್ದಳು.

"ಇಲ್ಲೂ ಒಂದು ಜೀವ ಇದೆ, ಇರುವೆ ಕಚ್ಚಿಸ್ಕೊಂಡಿದ್ದು," ಎಂದ ಕೊನೆಗೆ.

ಅವಳು ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡಳು. ನಿಂಬೆಹಣ್ಣು ಕೊಯ್ದು ತಂದು ಬೆರಳು ಬೆರಳಿಗೆ ತಿಕ್ಕಿದಳು.

ಮುಂದೊಂದು ಭಾನುವಾರ ಮದಾಮ್ ಹೊಸ ಬಣ್ಣದಲ್ಲಿ ಹೊಳೆಯುತ್ತ ಯುಫ್ರಾಸಿಯ ಅಂಗೈಯಲ್ಲಿ ಕೂತಿತು. ಆಂಬ್ರಾಸ್ ಕೈ ಮುಗಿಯುವುದೊಂದು ಬಾಕಿ. "ನೋಡ್ರೋ, ಸತ್ತು ಇಷ್ಟು ವರ್ಷ ಆದ್ರೂ ಅನತೋಲನ ಕೈಗುಣ! ಏನಂತೀಯ ತೆಯೊದ್ಯೂಲಣ್ಣ?"

ತೆಯೊದ್ಯೂಲ್ ಹೆಂಡತಿಯ ಮುಖ ನೋಡಿದ. ಅವಳು ಜೇಡವನ್ನೇ ನೋಡುತ್ತಿದ್ದಳು, ಆದರೆ ಮೇಜಿನ ಕೆಳಗೆ ಅವಳ ಹಿಮ್ಮಡಿ ಇವನ ಪಾದವನ್ನು ಬಲವಾಗಿ ಒತ್ತಿತ್ತು.

"ಅನ್ನೋದೇನು," ಎಂದ ಅವನು, ಹಲ್ಲು ಕಚ್ಚಿಕೊಂಡು. "ಒಳ್ಳೇ ಕೈ."