ಇದು ಗೋಡೌನ್ ಆಗಿರಲಿಲ್ಲ

ಚಳ್ಳಕೆರೆಯ ಸಂಗೀತ ಸಭಾಂಗಣ ಮೊದಲು ಚರ್ಚ್ ಆಗಿತ್ತು. ಊರಿನ ಕ್ರೈಸ್ತರು ಹೊಸ ಚರ್ಚ್ ಕಟ್ಟಿಕೊಂಡು ಹಳೆಯದನ್ನು ಮಾರಿದಾಗ, ಎಣ್ಣೆ ಮಿಲ್ಲಿನ ವಿಶ್ವನಾಥ್ ಅದನ್ನು ಕೊಂಡು ವೇದಿಕೆ ಹಾಕಿಸಿದರು. ತ್ರಿವೇಣಿ ಅಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ವಾರ್ಷಿಕೋತ್ಸವದಲ್ಲಿ ಸಭಾಂಗಣದ ಇತಿಹಾಸ ಹೇಳುವ ಕೆಲಸ ಅವಳ ಪಾಲಿಗೆ ಬಂತು.

ಹಿಂದಿನ ದಿನ ವಿಶ್ವನಾಥ್ ಕರೆದು, "ಚರ್ಚಿನ ಸುದ್ದಿ ಬ್ಯಾಡಮ್ಮ. ಹಳೇ ಗೋಡೌನ್ ಇತ್ತು ಅಂದ್ಬಿಡು, ಸಾಕು," ಎಂದರು.

"ಸುಳ್ಳು ಹೇಳ್ಬೇಕೇನ್ರಿ?"

"ದೊಡ್ಡೋರೆಲ್ಲ ಬರ್ತಾರೆ. ಅವ್ರಿಗೆ ಸರಿಹೋಗಲ್ಲ."

ತ್ರಿವೇಣಿಗೆ ಮೈಯೆಲ್ಲ ಉರಿಯಿತು. ಮರುದಿನ ಮೈಕ್ ಮುಂದೆ ನಿಂತು, ಇದು ಚರ್ಚ್ ಆಗಿತ್ತು ಎಂದೇ ಶುರು ಮಾಡಿದಳು. ಇಲ್ಲಿ ಪ್ರಾರ್ಥನೆ ಹಾಡಿಸುತ್ತಿದ್ದ ರೂತಮ್ಮ ಟೀಚರೇ ತನಗೆ ಹಾರ್ಮೋನಿಯಂ ಕಲಿಸಿದ್ದು ಎಂದಳು. ವಿಶ್ವನಾಥ್ ಸನ್ನೆ ಮಾಡಿದರು. ಮೈಕ್ ಆಫ್ ಆಯಿತು.

ಅವಳು ನಿಲ್ಲಿಸಲಿಲ್ಲ. "ಮೈಕ್ ಇಲ್ದೇನೂ ಕೊನೇ ಸಾಲಿಗೆ ಕೇಳ್ತೈತೆ ನೋಡ್ರಿ. ಹಾಡಿದ್ದು ಎಲ್ರಿಗೂ ಕೇಳ್ಲಿ ಅಂತ್ಲೇ ಚರ್ಚಿನೋರು ಇಷ್ಟೆತ್ತರ ಕಟ್ಟಿದ್ರು. ಗೋಡೌನನ್ನ ಯಾರೂ ಹಿಂಗೆ ಕಟ್ಟಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ವಾರ ಅವಳು ಕ್ಲಾಸಿಗೆ ಬಂದಾಗ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ತ್ರಿವೇಣಿ ಮಕ್ಕಳನ್ನು ಮೆಟ್ಟಿಲ ಮೇಲೇ ಕೂರಿಸಿ, ಸಿಟ್ಟಿನಲ್ಲೇ ಪಾಠ ಶುರು ಮಾಡಿದಳು.